ಅಕ್ಕ ಉದಾರಿ, ತಂಗಿ ಆಸೆಬುರುಕಿ: ಈ ತೀರ್ಪು ಎಲ್ಲಿಂದ ಬಂತು?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯವನು. ಅಪ್ಪ ತೀರಿಕೊಂಡು ಒಂದು ವರ್ಷವಾಯಿತು. ಉಯಿಲು ಬರೆದಿಲ್ಲ. ಅಜ್ಜನ ಕಾಲದ ಎರಡು ಎಕರೆ, ಅಪ್ಪ ಕೊಂಡ ಎರಡು ಎಕರೆ ಅಡಿಕೆ ತೋಟ ಮತ್ತು ಊರಿನ ಮನೆ ಇದೆ. ನಾವು ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಅಕ್ಕ ಒಂದು ಮಾತೂ ಆಡದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಒಪ್ಪಿದ್ದಾಳೆ. ತಂಗಿ ಮಾತ್ರ ತನ್ನ ಪಾಲು ಬೇಕು ಎನ್ನುತ್ತಿದ್ದಾಳೆ. ಅಮ್ಮ, ಅಣ್ಣ, ನೆಂಟರು ಎಲ್ಲರೂ ಅವಳನ್ನು ಆಸೆಬುರುಕಿ ಎನ್ನುತ್ತಿದ್ದಾರೆ. ಹೆಂಗಸರು ಗಂಡಸರಿಗಿಂತ ಹುಟ್ಟಿನಿಂದಲೇ ಉದಾರಿಗಳು, ಅದು ಸಂಶೋಧನೆಯಲ್ಲೂ ಸಾಬೀತಾಗಿದೆ ಎಂದು ಓದಿದ್ದೇನೆ. ಇದು ನಿಜವೇ? ನಿಜವಾದರೆ ನನ್ನ ತಂಗಿ ಏಕೆ ಹೀಗೆ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಒಂದೇ ಸಾಲಿನ ಉತ್ತರವಿದೆ. ವ್ಯತ್ಯಾಸವಿದೆ, ಆದರೆ ಅದು ತೀರಾ ಸಣ್ಣದು. ಎರಡನೆಯ ಪ್ರಶ್ನೆಯನ್ನು ನೀವು ತಿರುಗಿಸಿ ಕೇಳಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ. ತಂಗಿ ಏಕೆ ಹೀಗೆ ಎನ್ನುವ ಬದಲು, ಪಾಲು ಕೇಳಿದ ಅಣ್ಣನನ್ನು ಮತ್ತು ನಿಮ್ಮನ್ನು ಯಾರೂ ಆಸೆಬುರುಕರು ಎನ್ನಲಿಲ್ಲವಲ್ಲ, ಅದು ಏಕೆ?

ನೀವು ಓದಿರುವುದು ಬಹುಶಃ ಡಿಕ್ಟೇಟರ್ ಗೇಮ್ ಎಂಬ ಪ್ರಯೋಗದ ಬಗ್ಗೆ. ಹೆಸರು ಭಾರವಾಗಿದ್ದರೂ ಆಟ ಸರಳ. ಒಬ್ಬರ ಕೈಗೆ ಸ್ವಲ್ಪ ಹಣ ಕೊಡುತ್ತಾರೆ. ಪಕ್ಕದ ಕೋಣೆಯಲ್ಲಿರುವ ಗುರುತು ಪರಿಚಯವಿಲ್ಲದ ವ್ಯಕ್ತಿಗೆ ಅದರಲ್ಲಿ ಎಷ್ಟು ಬೇಕಾದರೂ ಕೊಡಬಹುದು, ಏನೂ ಕೊಡದೆಯೂ ಇರಬಹುದು. ಆ ಕಡೆಯವರಿಗೆ ಒಪ್ಪುವ, ನಿರಾಕರಿಸುವ ಅಧಿಕಾರವಿಲ್ಲ. 1998ರಲ್ಲಿ ಅಮೆರಿಕದ ಕ್ಯಾಥರೀನ್ ಎಕೆಲ್ ಮತ್ತು ಫಿಲಿಪ್ ಗ್ರಾಸ್‌ಮನ್ ಈ ಆಟವನ್ನು, ಯಾರು ಎಷ್ಟು ಕೊಟ್ಟರೆಂದು ಪ್ರಯೋಗ ನಡೆಸುವವರಿಗೂ ತಿಳಿಯದ ಹಾಗೆ ಆಡಿಸಿದರು. 10 ಡಾಲರ್‌ಗಳಲ್ಲಿ ಹೆಂಗಸರು ಸರಾಸರಿ 1.60 ಡಾಲರ್ ಕೊಟ್ಟರು, ಗಂಡಸರು 0.82 ಡಾಲರ್ ಕೊಟ್ಟರು. ‘ಹೆಂಗಸರು ಎರಡು ಪಟ್ಟು ಉದಾರಿಗಳು’ ಎಂಬ ಮಾತಿಗೆ ಆಧಾರ ಇದು. ಆದರೆ ಅದಕ್ಕೆ ಮೂರು ವರ್ಷ ಮೊದಲೇ, 1995ರಲ್ಲಿ, ಗ್ಯಾರಿ ಬೋಲ್ಟನ್ ಮತ್ತು ಎಲೆನಾ ಕಾಟೋಕ್ ಇದೇ ಬಗೆಯ ಆಟದಲ್ಲಿ ಯಾವ ವ್ಯತ್ಯಾಸವನ್ನೂ ಕಂಡಿರಲಿಲ್ಲ. ವ್ಯತ್ಯಾಸ ಕಾಣಲಿಲ್ಲ ಎಂಬ ಸುದ್ದಿ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

2001ರಲ್ಲಿ ಜೇಮ್ಸ್ ಆಂಡ್ರಿಯೋನಿ ಮತ್ತು ಲಿಸೆ ವೆಸ್ಟರ್‌ಲಂಡ್ ಈ ಆಟಕ್ಕೆ ಒಂದು ಹೊಸ ತಿರುವು ಕೊಟ್ಟರು. ಕೊಡುವುದಕ್ಕೂ ಒಂದು ಬೆಲೆ ಇರುತ್ತದೆಯಲ್ಲವೇ? ನಾನು ಒಂದು ರೂಪಾಯಿ ಬಿಟ್ಟುಕೊಟ್ಟರೆ ಎದುರಿನವರಿಗೆ ಮೂರು ರೂಪಾಯಿ ಸಿಗುವುದಾದರೆ ಕೊಡುವುದು ಅಗ್ಗ. ನಾನು ಮೂರು ರೂಪಾಯಿ ಬಿಟ್ಟರೆ ಅವರಿಗೆ ಒಂದೇ ರೂಪಾಯಿ ಸಿಗುವುದಾದರೆ ಕೊಡುವುದು ದುಬಾರಿ. ಕೊಡುವುದು ದುಬಾರಿಯಾದಾಗ ಹೆಂಗಸರು ಹೆಚ್ಚು ಕೊಟ್ಟರು, ಅಗ್ಗವಾದಾಗ ಗಂಡಸರೇ ಹೆಚ್ಚು ಕೊಟ್ಟರು. ಹೆಂಗಸರಲ್ಲಿ ಇಬ್ಬರಿಗೂ ಸರಿಸಮ ಬರುವಂತೆ ಹಂಚುವ ಒಲವು ಹೆಚ್ಚಿತ್ತು. ಗಂಡಸರಲ್ಲಿ ಒಂದೋ ಎಲ್ಲವನ್ನೂ ತಾನೇ ಇಟ್ಟುಕೊಳ್ಳುವವರು, ಇಲ್ಲವೇ ಹೆಚ್ಚು ಫಲ ಸಿಗುವ ಕಡೆಗೆ ಎಲ್ಲವನ್ನೂ ಕೊಟ್ಟುಬಿಡುವವರು ಹೆಚ್ಚಿದ್ದರು. ಸರಿಸಮ ಹಂಚುವ ಒಲವು ಎಂಬ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ. ನಿಮ್ಮ ತಂಗಿ ಕೇಳುತ್ತಿರುವುದೂ ಅದನ್ನೇ. ಎಲ್ಲವನ್ನೂ ಅವಳು ಕೇಳಿಲ್ಲ.

ಇಂಥ ಬಿಡಿಬಿಡಿ ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದವರು ಸ್ವೀಡನ್ನಿನ ಡೇವಿಡ್ ಬಿಲೆನ್, ಅನ್ನಾ ಡ್ರೇಬರ್ ಮತ್ತು ಮಾಗ್ನಸ್ ಯೋಹಾನೆಸನ್. 2021ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ 53 ಅಧ್ಯಯನಗಳ 15,000ಕ್ಕೂ ಹೆಚ್ಚು ಜನರಿದ್ದಾರೆ. ನೂರು ರೂಪಾಯಿಯಲ್ಲಿ ಹೆಂಗಸರು ಗಂಡಸರಿಗಿಂತ ಸರಾಸರಿ ನಾಲ್ಕು ರೂಪಾಯಿ ಹೆಚ್ಚು ಕೊಡುತ್ತಾರೆ. ಎರಡು ಪಟ್ಟು ಎಂದು ಶುರುವಾದದ್ದು ಇಲ್ಲಿಗೆ ಬಂದು ನಿಂತಿದೆ. ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡಿ. 2011ರಲ್ಲಿ ಜರ್ಮನಿಯ ಕ್ರಿಸ್ಟೋಫ್ ಎಂಗೆಲ್ ಇದೇ ಆಟದ ನೂರಾರು ಪ್ರಯೋಗಗಳನ್ನು ಕಲೆಹಾಕಿದಾಗ, ಸುಮಾರು 36 ಪ್ರತಿಶತ ಜನ ಏನನ್ನೂ ಕೊಟ್ಟಿರಲಿಲ್ಲ. ಸುಮಾರು 17 ಪ್ರತಿಶತ ಜನ ಸರಿಯಾಗಿ ಅರ್ಧ ಕೊಟ್ಟಿದ್ದರು. ಮನುಷ್ಯ ಮನುಷ್ಯರ ನಡುವೆ ಇಷ್ಟು ದೊಡ್ಡ ಅಂತರವಿರುವಾಗ, ಎರಡು ಗುಂಪುಗಳ ನಡುವಿನ ನಾಲ್ಕು ರೂಪಾಯಿಯಿಂದ ಒಬ್ಬ ಅಕ್ಕನ ಅಥವಾ ಒಬ್ಬ ತಂಗಿಯ ಸ್ವಭಾವ ಅಳೆಯಲು ಬರುವುದಿಲ್ಲ. ಇವೆಲ್ಲ ಹೆಚ್ಚಾಗಿ ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿ, ಅಪರಿಚಿತರ ನಡುವೆ, ಪುಡಿಗಾಸಿನಲ್ಲಿ ಆಡಿದ ಆಟಗಳು. ಒಡಹುಟ್ಟಿದವರ ನಡುವಿನ ನಾಲ್ಕು ಎಕರೆ ತೋಟ ಬೇರೆಯೇ ವಿಷಯ. ಅದನ್ನು ಮುಚ್ಚಿಟ್ಟು ನಾನು ನಿಮಗೆ ಉತ್ತರ ಬರೆಯಲಾರೆ.

ಹಾಗಾದರೆ ಈ ಆಟಗಳಿಂದ ಕಲಿಯುವುದು ಏನೂ ಇಲ್ಲವೇ? ಇದೆ. ಆದರೆ ಅದು ಇರುವುದು ಯಾರು ಎಷ್ಟು ಕೊಡುತ್ತಾರೆ ಎಂಬಲ್ಲಿ ಅಷ್ಟಾಗಿ ಅಲ್ಲ. ಯಾರು ಕೊಡಬೇಕೆಂದು ನಾವು ಎಣಿಸುತ್ತೇವೆ ಎಂಬಲ್ಲಿ ಇದೆ. 2009ರಲ್ಲಿ ಸ್ಪೇನಿನ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಗಂಡಸರು ಬಿಟ್ಟುಕೊಟ್ಟದ್ದು ಬೇಕೇ, ಹೆಂಗಸರು ಬಿಟ್ಟುಕೊಟ್ಟದ್ದು ಬೇಕೇ ಎಂದು ಪಡೆಯುವವರಿಗೇ ಆರಿಸಿಕೊಳ್ಳಲು ಬಿಟ್ಟರು. ಹೆಂಗಸರು ಹೆಚ್ಚು ಉದಾರಿಗಳೆಂದು ಹೆಂಗಸರೇ ನಂಬಿದ್ದರು. ಗಂಡಸರಿಗೆ ಎರಡೂ ಒಂದೇ ಎನಿಸಿತ್ತು. ನಿಮ್ಮ ಮನೆಯಲ್ಲಿ ತಂಗಿಯ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟಾಗಿರುವವರು ನಿಮ್ಮ ಅಮ್ಮ ಎಂದು ನಿಮ್ಮ ಪತ್ರದ ಧಾಟಿಯಿಂದ ನನಗೆ ಅನಿಸಿತು. ಅದು ನನಗೆ ಆಶ್ಚರ್ಯ ತರಲಿಲ್ಲ.

ಈ ಎಣಿಕೆ ಎಷ್ಟು ಬಲವಾದದ್ದು ಎಂಬುದಕ್ಕೆ ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುವ ಪ್ರಯೋಗವೊಂದಿದೆ. 2017ರಲ್ಲಿ ಪ್ರಕಟವಾದದ್ದು, ಲಿಂಡಾ ಬ್ಯಾಬ್‌ಕಾಕ್, ಲಿಸೆ ವೆಸ್ಟರ್‌ಲಂಡ್ ಮತ್ತು ಅವರ ಸಂಗಡಿಗರದು. ಮೂವರು ಅಪರಿಚಿತರ ಗುಂಪು, ಎರಡು ನಿಮಿಷ ಸಮಯ. ಮೂವರಲ್ಲಿ ಒಬ್ಬರು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಬೇಕು. ಯಾರೂ ಒತ್ತದಿದ್ದರೆ ಮೂವರಿಗೂ ಒಂದೊಂದೇ ಡಾಲರ್. ಯಾರಾದರೂ ಒತ್ತಿದರೆ ಒತ್ತಿದವರಿಗೆ 1.25 ಡಾಲರ್, ಸುಮ್ಮನೆ ಕುಳಿತ ಇಬ್ಬರಿಗೆ ಎರಡೆರಡು ಡಾಲರ್. ಅಂದರೆ ಯಾರೋ ಒಬ್ಬರು ಮಾಡಲಿ ಎಂದು ಎಲ್ಲರೂ ಬಯಸುವ, ಆದರೆ ತಾನೇ ಮಾಡಲು ಯಾರೂ ಬಯಸದ ಕೆಲಸ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಡಸರೂ ಹೆಂಗಸರೂ ಬೆರೆತ ಗುಂಪುಗಳಲ್ಲಿ ಹೆಂಗಸರು ಗಂಡಸರಿಗಿಂತ 48 ಪ್ರತಿಶತ ಹೆಚ್ಚು ಬಾರಿ ಗುಂಡಿ ಒತ್ತಿದರು.

ಇಲ್ಲಿಗೆ ನಿಲ್ಲಿಸಿದ್ದರೆ ‘ನೋಡಿ, ಹೆಣ್ಣಿನ ಸ್ವಭಾವವೇ ಅದು’ ಎನ್ನಬಹುದಿತ್ತು. ಅವರು ನಿಲ್ಲಿಸಲಿಲ್ಲ. ಬರೀ ಹೆಂಗಸರ ಗುಂಪು, ಬರೀ ಗಂಡಸರ ಗುಂಪು ಮಾಡಿ ಅದೇ ಆಟ ಆಡಿಸಿದರು. ವ್ಯತ್ಯಾಸ ಮಾಯವಾಯಿತು. ಬರೀ ಗಂಡಸರೇ ಇದ್ದಾಗ ಗಂಡಸರು ಹೆಂಗಸರಷ್ಟೇ ಗುಂಡಿ ಒತ್ತಿದರು. ಗುಂಪಿನಲ್ಲಿ ಹೆಂಗಸರಿದ್ದಾರೆ ಎಂದು ಗೊತ್ತಾದಾಗ ಗಂಡಸರು ಕಾದು ಕುಳಿತರು, ಹೆಂಗಸರು ತಾವೇ ಒತ್ತಬೇಕಾದೀತೆಂದು ಎಣಿಸಿ ಒತ್ತಿದರು. ಹುಟ್ಟುಗುಣ ಬದಲಾಗಿರಲಿಲ್ಲ, ಪಕ್ಕದಲ್ಲಿ ಕುಳಿತವರು ಬದಲಾಗಿದ್ದರು ಅಷ್ಟೇ. ಆಮೇಲೆ ಗುಂಪಿನಲ್ಲಿ ಒಬ್ಬರನ್ನು ಆರಿಸಿ ‘ನೀವು ಒತ್ತಿ’ ಎಂದು ಕೇಳಿಕೊಳ್ಳಲು ನಾಲ್ಕನೆಯವರೊಬ್ಬರನ್ನು ಸೇರಿಸಿದರು. ಆ ಕೋರಿಕೆ ಗಂಡಸರಿಗಿಂತ ಹೆಂಗಸರಿಗೆ 44 ಪ್ರತಿಶತ ಹೆಚ್ಚು ಬಂತು, ಕೇಳಿದವರು ಗಂಡಸಾದರೂ ಹೆಂಗಸಾದರೂ ಅಷ್ಟೇ. ಹೆಂಗಸರು 76 ಪ್ರತಿಶತ ಸಲ ಒಪ್ಪಿದರು, ಗಂಡಸರು 51 ಪ್ರತಿಶತ ಸಲ.

ನಿಮ್ಮ ಮನೆಯಲ್ಲಿ ಹಕ್ಕು ಬಿಡುಗಡೆ ಪತ್ರದ ಮಾತು ಮೊದಲು ಎತ್ತಿದವರು ಯಾರು ಎಂದು ನೆನಪು ಮಾಡಿಕೊಳ್ಳಿ. ಯಾರ ಮುಂದೆ ಎತ್ತಿದರು? ಅಣ್ಣನ ಮುಂದೆಯೋ ನಿಮ್ಮ ಮುಂದೆಯೋ ‘ನೀನು ನಿನ್ನ ಪಾಲು ಬಿಟ್ಟುಬಿಡು’ ಎಂದು ಯಾರಾದರೂ ಒಮ್ಮೆಯಾದರೂ ಕೇಳಿದರೇ? ಬೆಂಗಳೂರಿನಲ್ಲಿ ಕೆಲಸ, ಸ್ವಂತ ಮನೆ ಇರುವ ಗಂಡುಮಗನನ್ನು ಊರಿನ ತೋಟ ಬಿಟ್ಟುಕೊಡು ಎಂದು ಕೇಳಿದ ಕುಟುಂಬವನ್ನು ನಾನು ಕಂಡಿರುವುದು ಕಡಿಮೆ. ಬಾಡಿಗೆ ಮನೆಯಲ್ಲಿರುವ ಹೆಣ್ಣುಮಗಳನ್ನು ಕೇಳದೆ ಬಿಟ್ಟ ಕುಟುಂಬವನ್ನೂ ಕಂಡಿರುವುದು ಕಡಿಮೆಯೇ.

ಈಗ ತಂಗಿಯ ವಿಷಯ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞೆ ಮೆಡಲೀನ್ ಹೈಲ್‌ಮನ್ ಮತ್ತು ಜೂಲಿ ಚೆನ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಚೇರಿಯಲ್ಲಿ ಸಹೋದ್ಯೋಗಿಗೆ ತನ್ನ ಕೆಲಸ ಬಿಟ್ಟು ನೆರವಾದವರ, ಮತ್ತು ಆಗುವುದಿಲ್ಲ ಎಂದವರ ವಿವರ ಕೊಟ್ಟು ಅಂಕ ಹಾಕಲು ಹೇಳಿದರು. ನೆರವಾದ ಗಂಡಸಿಗೆ ಅಂಕ ಏರಿತು. ನೆರವಾದ ಹೆಂಗಸಿಗೆ ಏರಲಿಲ್ಲ, ಏಕೆಂದರೆ ಅದು ಅವಳು ಮಾಡಬೇಕಾದದ್ದೇ ಎಂಬ ಭಾವನೆ. ಆಗುವುದಿಲ್ಲ ಎಂದ ಗಂಡಸಿನ ಅಂಕ ಇಳಿಯಲಿಲ್ಲ, ಆಗುವುದಿಲ್ಲ ಎಂದ ಹೆಂಗಸಿನ ಅಂಕ ಇಳಿಯಿತು. ನಿಮ್ಮ ಮನೆಗೆ ಇದನ್ನು ಹಚ್ಚಿ ನೋಡಿ. ನಾಳೆ ನೀವು ನಿಮ್ಮ ಪಾಲನ್ನು ಬಿಟ್ಟುಕೊಟ್ಟರೆ ಊರೆಲ್ಲ ‘ಎಂಥ ದೊಡ್ಡ ಮನಸ್ಸು’ ಎನ್ನುತ್ತದೆ. ಅಕ್ಕ ಬಿಟ್ಟುಕೊಟ್ಟದ್ದಕ್ಕೆ ನೀವು ಪತ್ರದಲ್ಲಿ ಒಂದೇ ಸಾಲು ಬರೆದಿದ್ದೀರಿ. ನೀವು ಪಾಲು ತೆಗೆದುಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ತಂಗಿ ತೆಗೆದುಕೊಂಡರೆ ಆಸೆಬುರುಕಿ. ಒಂದೇ ಕೆಲಸಕ್ಕೆ ಒಂದೇ ಅಂಗಳದಲ್ಲಿ ಎರಡು ಅಳತೆಗೋಲು ಇರುವಾಗ ತಪ್ಪು ಅಳೆಸಿಕೊಂಡವಳದ್ದು ಹೇಗಾದೀತು?

ಅಳತೆಗೋಲಿನ ಇನ್ನೊಂದು ತುದಿಯೂ ಇದೆ. ಅಲ್ಟಿಮೇಟಮ್ ಗೇಮ್ ಎಂಬ ಆಟದಲ್ಲಿ, ಕೊಟ್ಟದ್ದು ಅನ್ಯಾಯ ಎನಿಸಿದರೆ ಪಡೆಯುವವರು ನಿರಾಕರಿಸಬಹುದು, ಆಗ ಇಬ್ಬರಿಗೂ ಏನೂ ಇಲ್ಲ. 2001ರಲ್ಲಿ ಸಾರಾ ಸೋಲ್ನಿಕ್ ಎದುರಿನವರು ಗಂಡೋ ಹೆಣ್ಣೋ ಎಂದು ತಿಳಿಸಿ ಇದನ್ನು ಆಡಿಸಿದಾಗ, ಗಂಡಸರೂ ಹೆಂಗಸರೂ ಹೆಣ್ಣಿಗೆ ಕಡಿಮೆ ಕೊಟ್ಟರು. ಹೆಣ್ಣು ಕಡಿಮೆಗೆ ಒಪ್ಪುತ್ತಾಳೆ ಎಂಬ ಎಣಿಕೆ ಎರಡೂ ಕಡೆ ಇದ್ದಂತೆ ಕಾಣುತ್ತದೆ.

ಅಕ್ಕನ ವಿಷಯಕ್ಕೆ ಬರೋಣ. ನನಗೆ ತಂಗಿಗಿಂತ ಅವಳ ಬಗ್ಗೆಯೇ ಹೆಚ್ಚು ಚಿಂತೆ. ‘ಒಂದು ಮಾತೂ ಆಡದೆ’ ಎಂದು ನೀವು ಬರೆದಿರುವುದನ್ನು ನಾನು ಮೂರು ಸಲ ಓದಿದೆ. 1990ರಲ್ಲಿ ಅಮರ್ತ್ಯ ಸೇನ್ ಒಂದು ವಾದ ಮುಂದಿಟ್ಟಿದ್ದರು. ನಮ್ಮಂಥ ಸಮಾಜಗಳಲ್ಲಿ ಹೆಂಗಸರಿಗೆ ತಮ್ಮ ಹಿತ ಬೇರೆ, ಕುಟುಂಬದ ಹಿತ ಬೇರೆ ಎಂಬ ಭಾವನೆಯೇ ಕಡಿಮೆ, ಹಾಗಾಗಿ ಮನೆಯೊಳಗಿನ ಹಂಚಿಕೆಯಲ್ಲಿ ಅವರು ಸೋಲುತ್ತಾರೆ ಎಂಬುದು ಅದರ ತಿರುಳು. ಅರ್ಥಶಾಸ್ತ್ರಜ್ಞೆ ಬಿನಾ ಅಗರ್ವಾಲ್ ಇದನ್ನು ಒಪ್ಪಲಿಲ್ಲ. ಹೆಂಗಸರಿಗೆ ತಮ್ಮ ಹಿತ ಚೆನ್ನಾಗಿಯೇ ಗೊತ್ತು, ಗೊತ್ತಿದ್ದೂ ಸುಮ್ಮನಿರುತ್ತಾರೆ, ಏಕೆಂದರೆ ಬೇರೆ ದಾರಿ ಇಲ್ಲ ಎಂದರು. ಗಂಡನ ಮನೆಯಲ್ಲಿ ಕಷ್ಟ ಬಂದರೆ, ಗಂಡ ಸತ್ತರೆ, ಹೋಗಲು ಇರುವುದು ಅಣ್ಣತಮ್ಮಂದಿರ ಮನೆಯೊಂದೇ. ಆ ಬಾಗಿಲು ಮುಚ್ಚದಿರಲಿ ಎಂದು ಕೊಡುವ ಬೆಲೆಯೇ ತವರಿನ ಆಸ್ತಿಯ ಪಾಲು. ದಕ್ಷಿಣ ಏಷ್ಯಾದ ಹೆಂಗಸರ ಭೂಮಿಯ ಹಕ್ಕಿನ ಬಗ್ಗೆ ವರ್ಷಗಟ್ಟಲೆ ದುಡಿದವರ ಮಾತಿದು, ಮತ್ತು ನಾನು ಅವರ ಪಕ್ಷದವಳು.

ಏಕೆಂದರೆ ನಾನೂ ಒಬ್ಬ ಅಕ್ಕ. ಅಪ್ಪ ಹೋದ ಮೇಲೆ ಉಪನೋಂದಣಾಧಿಕಾರಿ ಕಚೇರಿಯ ಬೆಂಚಿನ ಮೇಲೆ ಕುಳಿತು ನಾನೂ ಅಂಥದೊಂದು ಪತ್ರಕ್ಕೆ ಸಹಿ ಮಾಡಿದ್ದೇನೆ. ನಾನು ದುಡಿಯುತ್ತಿದ್ದೆ, ನನಗೇನೂ ಕೊರತೆ ಇರಲಿಲ್ಲ, ಸಂತೋಷದಿಂದ ಕೊಟ್ಟೆ ಎಂದು ಹಲವು ವರ್ಷ ನಂಬಿದ್ದೆ. ಈಗ ಆ ಬೆಳಗನ್ನು ನೆನೆದರೆ, ಪೆನ್ನು ಹಿಡಿದಾಗ ನನ್ನ ಮನಸ್ಸಿನಲ್ಲಿ ತಮ್ಮನ ಕಷ್ಟ ಇರಲೇ ಇಲ್ಲ ಎನಿಸುತ್ತದೆ. ಮುಂದಿನ ಗೌರಿ ಹಬ್ಬಕ್ಕೆ ತವರಿನಿಂದ ಕರೆ ಬರುತ್ತದೆಯೇ ಎಂಬುದೊಂದೇ ಇತ್ತು. ಅದನ್ನು ನಾನು ಯಾರೊಡನೆಯೂ ಹೇಳಲಿಲ್ಲ. ತಮ್ಮ ಕೇಳಲೂ ಇಲ್ಲ.

ನಮ್ಮ ಭಾಷೆಯನ್ನೇ ಸ್ವಲ್ಪ ಗಮನಿಸಿ. ಕರ್ಣ, ಬಲಿ, ಶಿಬಿ ಇವರನ್ನೆಲ್ಲ ದಾನಿಗಳು ಎನ್ನುತ್ತೇವೆ. ಹೆಣ್ಣು ಕೊಟ್ಟರೆ ತ್ಯಾಗಮಯಿ ಎನ್ನುತ್ತೇವೆ. ದಾನ ಮಾಡಲು ವಸ್ತು ತನ್ನದಾಗಿರಬೇಕು. ಕೊಡದೆ ಇರುವ ಸ್ವಾತಂತ್ರ್ಯವೂ ಇರಬೇಕು. ಕನ್ನಡನಾಡು ದಾನಚಿಂತಾಮಣಿ ಎಂದು ಕರೆದದ್ದು ಅತ್ತಿಮಬ್ಬೆಯನ್ನು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು ಆಕೆ, ರನ್ನನಿಗೆ ಆಶ್ರಯ ಕೊಟ್ಟವಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು. 1007ರ ಲಕ್ಕುಂಡಿಯ ಶಾಸನದಲ್ಲಿ ಆಕೆಯ ಹೆಸರಿದೆ. ಆಕೆಯ ಕೈಯಲ್ಲಿ ಸಂಪತ್ತು ಇತ್ತು, ಅದನ್ನು ವಿನಿಯೋಗಿಸುವ ಅಧಿಕಾರ ಇತ್ತು, ಆದ್ದರಿಂದ ಆಕೆ ದಾನಿಯಾದಳು. ನಿಮ್ಮ ಅಕ್ಕನ ಹೆಸರು ಪಹಣಿಯಲ್ಲಿ ಒಂದು ದಿನವೂ ಬಂದಿಲ್ಲ. ಬರುವ ಮೊದಲೇ ಅವಳು ಬಿಟ್ಟುಕೊಡುತ್ತಿದ್ದಾಳೆ.

ನೀವು ಕೇಳಬಹುದಾದ ಎರಡು ಮಾತುಗಳು ನನಗೆ ಗೊತ್ತು, ಏಕೆಂದರೆ ಪ್ರತಿ ಪತ್ರದಲ್ಲೂ ಅವು ಬರುತ್ತವೆ. ಮದುವೆಗೆ ಖರ್ಚು ಮಾಡಿದ್ದೇವಲ್ಲ ಎನ್ನುತ್ತಾರೆ. ಆ ಖರ್ಚಿನಲ್ಲಿ ಎಷ್ಟು ಅವಳ ಕೈಗೆ ಬಂತು, ಎಷ್ಟು ಊಟಕ್ಕೆ, ಛತ್ರಕ್ಕೆ, ಬೀಗರ ಮರ್ಯಾದೆಗೆ ಹೋಯಿತು ಎಂದು ಬರೆದು ನೋಡಿ. ಅದೇ ಹಾಳೆಯಲ್ಲಿ ಗಂಡುಮಕ್ಕಳ ಓದಿಗೆ, ಅವರ ಮದುವೆಗೆ ಆದ ಖರ್ಚನ್ನೂ ಬರೆಯಿರಿ. ಲೆಕ್ಕ ಹಾಕುವುದಾದರೆ ನಾಲ್ವರದ್ದೂ ಹಾಕಬೇಕು. ಅಪ್ಪ ಅಮ್ಮನನ್ನು ಕೊನೆಗಾಲದಲ್ಲಿ ನೋಡಿಕೊಂಡವರು ನಾವು ಎನ್ನುವುದು ಎರಡನೆಯ ಮಾತು. ಇದಕ್ಕೆ ನಿಜವಾದ ತೂಕವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಪ್ಪನ ಹಾಸಿಗೆ ಬದಲಿಸಿದವರು, ಗಂಜಿ ಕಾಯಿಸಿದವರು, ರಾತ್ರಿ ಎದ್ದು ಕೂರಿಸಿದವರು ಯಾರು ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಹಲವು ಮನೆಗಳಲ್ಲಿ ಉತ್ತರ ಸೊಸೆ ಎಂದಾಗಿರುತ್ತದೆ. ಆ ಕೆಲಸಕ್ಕೆ ಬೆಲೆ ಕಟ್ಟುವುದಾದರೆ ಅವಳ ಹೆಸರಿಗೆ ಕಟ್ಟಿ.

ಕಾನೂನಿನ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಅದು ನನ್ನ ಕ್ಷೇತ್ರವಲ್ಲ. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಗೋಡೆಯನ್ನು ತೆಗೆಯಿತು. 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪು ಆ ಹಕ್ಕು ಹುಟ್ಟಿನಿಂದಲೇ ಬರುವಂಥದು ಎಂದಿತು. ತಂಗಿ ಕೇಳುತ್ತಿರುವುದು ಯಾರೋ ಕೊಡಬೇಕಾದ ಕೊಡುಗೆಯಲ್ಲ, ಅವಳದ್ದೇ ಆದದ್ದು. ಮಗಳಿಗೆ ಪಾಲು ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಅರ್ಥಶಾಸ್ತ್ರಜ್ಞರು ನಮ್ಮ ರಾಜ್ಯದಲ್ಲೇ ನೋಡಿದ್ದಾರೆ. ಕರ್ನಾಟಕ ಮತ್ತು ಮಹಾರಾಷ್ಟ್ರದ 1994ರ ತಿದ್ದುಪಡಿಗಳನ್ನು ಅಧ್ಯಯನ ಮಾಡಿ ಕ್ಲಾಸ್ ಡೈನಿಂಗರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಕಾರ, ಹೆಣ್ಣುಮಕ್ಕಳಿಗೆ ಭೂಮಿ ಬರುವ ಸಂಭವ ಹೆಚ್ಚಿತು, ಅವರ ಓದೂ ಹೆಚ್ಚಿತು. ಆದರೂ ಗಂಡುಮಕ್ಕಳಿಗೆ ಸಮನಾಗಲಿಲ್ಲ. ಕಾನೂನು ಸಮ ಎಂದ ಮೇಲೂ ಉಳಿದ ಆ ಅಂತರದಲ್ಲಿ ಹಕ್ಕು ಬಿಡುಗಡೆ ಪತ್ರಗಳಿಗೂ ಪಾತ್ರವಿದೆ ಎಂದು ನಾನು ನಂಬುತ್ತೇನೆ.

ಈಗ ನೀವು ಮಾಡಬಹುದಾದದ್ದು. ವಂಶವೃಕ್ಷದಲ್ಲಿ ನಾಲ್ವರ ಹೆಸರೂ ಇದೆಯೇ ನೋಡಿ. ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ, ಮಾಡಿಸುವಾಗ ನಾಲ್ವರ ಹೆಸರನ್ನೂ ಸೇರಿಸಿ. ತೋಟಕ್ಕೆ ಇಂದು ಎಷ್ಟು ಬೆಲೆ ಬರುತ್ತದೆ, ವರ್ಷಕ್ಕೆ ಎಷ್ಟು ಫಸಲು ಬರುತ್ತದೆ ಎಂದು ಅಕ್ಕನಿಗೆ ಅಂಕಿಗಳಲ್ಲೇ ಹೇಳಿ, ಅವಳಿಗೆ ಗೊತ್ತಿರಬಹುದು ಎಂದು ಬಿಡಬೇಡಿ. ಆಮೇಲೆ ಅವಳೊಬ್ಬಳೇ ಇರುವಾಗ, ಅಣ್ಣನೂ ಅಮ್ಮನೂ ಎದುರಿಗಿಲ್ಲದಾಗ, ‘ಅಕ್ಕ, ನೀನು ಸಹಿ ಮಾಡದಿದ್ದರೂ ಈ ಮನೆಯಲ್ಲಿ ನಿನ್ನ ಜಾಗ ಹೀಗೆಯೇ ಇರುತ್ತದೆ, ಗೌರಿ ಹಬ್ಬಕ್ಕೆ ನಾನೇ ಬಂದು ಕರೆಯುತ್ತೇನೆ’ ಎಂದು ಹೇಳಿ. ನೀವು ಹಾಗೆ ಹೇಳುವುದಷ್ಟೇ ಸಾಲದು, ಅದು ನಿಜವಾಗಬೇಕು. ತಂಗಿಯನ್ನು ಈ ಸಲ ಹಬ್ಬಕ್ಕೆ ಎಂದಿನಂತೆ ಕರೆದರೆ ಮಾತ್ರ ಅಕ್ಕ ನಿಮ್ಮ ಮಾತನ್ನು ನಂಬುತ್ತಾಳೆ, ಏಕೆಂದರೆ ಸಹಿ ಮಾಡಲಾರೆ ಎಂದವಳಿಗೆ ಏನಾಗುತ್ತದೆ ಎಂದು ಅವಳು ಈಗಾಗಲೇ ನೋಡುತ್ತಿದ್ದಾಳೆ.

ಇಷ್ಟಾದ ಮೇಲೂ ಅಕ್ಕ ಕೊಡುತ್ತೇನೆ ಎಂದರೆ ಒಂದು ದಾರಿ ಇದೆ. ಮೊದಲು ವಿಭಾಗ ಪತ್ರ ಮಾಡಿಸಿ, ಅವಳ ಪಾಲು ಅವಳ ಹೆಸರಿಗೆ ಬರಲಿ, ಒಂದು ಫಸಲಿನ ಹಣ ಅವಳ ಖಾತೆಗೆ ಹೋಗಲಿ. ಒಂದೆರಡು ವರ್ಷದ ನಂತರವೂ ಅವಳಿಗೆ ಕೊಡಬೇಕೆನಿಸಿದರೆ ಆಗ ದಾನಪತ್ರ ಬರೆಯಲಿ. ಖರ್ಚು ಸ್ವಲ್ಪ ಹೆಚ್ಚಾಗಬಹುದು, ವಕೀಲರನ್ನು ಕೇಳಿ. ಆ ಪತ್ರದಲ್ಲಿ ಅವಳು ಕೊಡುವವಳಾಗಿರುತ್ತಾಳೆ.

ಕೊನೆಯದಾಗಿ ಒಂದು ವಿಷಯ. ಅಪ್ಪ ಉಯಿಲು ಬರೆಯದೆ ಹೋದದ್ದರಿಂದ ಅವರ ಪಾಲಿನಲ್ಲಿ ನಿಮ್ಮ ಅಮ್ಮನಿಗೂ ಒಬ್ಬೊಬ್ಬ ಮಗುವಿನಷ್ಟೇ ಹಕ್ಕಿದೆ. ನಿಮ್ಮ ಪತ್ರದಲ್ಲಿ ಅಮ್ಮನ ಸಿಟ್ಟಿನ ಮಾತಿದೆ, ಅವರ ಪಾಲಿನ ಮಾತಿಲ್ಲ. ಅವರೂ ಅದನ್ನು ಕೇಳಿರಲಾರರು. ವಕೀಲರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಅವರಿಗೆ ಎಷ್ಟು ಬರುತ್ತದೆ ಎಂದು ಅವರ ಎದುರಿಗೇ ಕೇಳಿ.